ಬೀಸುಬಲೆಗೆ ಸೀಸದ ಗುಂಡು: ಮನೆಯಲ್ಲೇ ಎರಕ ಹೊಯ್ಯುವ, ತಣ್ಣಗೆ ಒತ್ತುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಒಂದು ಗುಜರಿ ಅಂಗಡಿಗೆ ಹೋಗಿ "ಸೀಸ ಇದೆಯಾ? ಗುಂಡು ಮಾಡ್ಬೇಕು" ಅಂದೆ. ಅಂಗಡಿಯವನು ತಕ್ಕಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಲೆ ಗುಂಡಪ್ಪಾ" ಅಂದ ಮೇಲೇ ಅವನ ಮುಖ ಸಡಿಲಾಗಿದ್ದು. ಹಾಗಾಗಿ ನಿಮಗೂ ಮೊದಲೇ ಹೇಳಿಬಿಡುತ್ತೇನೆ. ಇದು ಬಂದೂಕಿನ ಗುಂಡಿನ ವಿಷಯ ಅಲ್ಲ. ಪರವಾನಗಿ ಇಲ್ಲದೆ ಅದನ್ನು ಮನೆಯಲ್ಲಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ಹೇಳುತ್ತಿರುವುದು ಬೀಸುಬಲೆಯ ಅಂಚಿಗೆ ಪೋಣಿಸುವ ಗುಂಡಿನ ಬಗ್ಗೆ.

ನಮ್ಮದು ಚನ್ನಗಿರಿ ಕಡೆ, ಸೂಳೆಕೆರೆಗೆ ಹತ್ತಿರದ ಊರು. ಕಾಗದದ ಮೇಲೆ ಅದು ಶಾಂತಿಸಾಗರ, ಬಾಯಲ್ಲಿ ಮಾತ್ರ ಸೂಳೆಕೆರೆಯೇ. ಅಲ್ಲಿ ಬಲೆ ಬೀಸುವವರನ್ನು ನೋಡುತ್ತಲೇ ಬೆಳೆದವನು ನಾನು. ಅತ್ತ ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ, 1933ರ ನಂತರ ಮೊದಲ ಸಲ, ಕೋಡಿ ಬಿತ್ತಲ್ಲ, ಆಗ ನನ್ನ ಗೆಳೆಯರೂ ಅಟ್ಟದ ಮೇಲಿನ ಹಳೇ ಬಲೆಗಳನ್ನು ಇಳಿಸಿದರು. ನೂಲು ಗಟ್ಟಿಯಾಗೇ ಇತ್ತು. ಅರ್ಧ ಗುಂಡುಗಳೇ ಇರಲಿಲ್ಲ. ನಾನು ಈ ಕೆಲಸ ಕಲಿತಿದ್ದು ಆ ಬಲೆಗಳ ಮೇಲೆ.

ಒಂದು ಮಾತು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ. ಸೀಸದ ಕೆಲಸ ಅಂದರೆ ಎಲ್ಲರೂ ಬೆಂಕಿಗೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದ್ದು ಎರಡಕ್ಕೆ: ಒಂದು ಹನಿ ನೀರು, ಮತ್ತು ಕೈಗೆ ಅಂಟುವ ಬೂದು ಪುಡಿ.

ಎಷ್ಟು ಸೀಸ ಬೇಕು?

ಎಂಟು ಅಡಿ ಉದ್ದದ ಬಲೆ ಅಂದುಕೊಳ್ಳಿ. ಪೂರ್ತಿ ಬಿಚ್ಚಿಕೊಂಡಾಗ ಅದರ ಅಂಚಿನ ಸುತ್ತಳತೆ ಸುಮಾರು 50 ಅಡಿ. ಮೂರು ಇಂಚಿಗೆ ಒಂದು ಗುಂಡು ಅಂದರೆ 200 ಗುಂಡು. ಒಂದೊಂದು 12 ಗ್ರಾಂ ಇದ್ದರೆ ಒಟ್ಟು 2.4 ಕೆಜಿ. ಕಿಟ್ಟ (ಕರಗಿಸಿದಾಗ ಮೇಲೆ ಉಳಿಯುವ ಕಸ), ಚೂರು, ಕೆಟ್ಟುಹೋದ ಗುಂಡು ಎಲ್ಲ ಸೇರಿಸಿ 3 ಕೆಜಿ ತನ್ನಿ. ಹರಿಯುವ ನೀರಿಗೆ, ಆಳದ ಜಾಗಕ್ಕೆ ಇನ್ನೂ ಭಾರ ಬೇಕು. ಕೆರೆಯಂಚಿನ ನಿಂತ ನೀರಿಗೆ ಇಷ್ಟು ಸಾಕು. ಜಾಸ್ತಿ ಭಾರ ಹಾಕಿದರೆ ಹತ್ತನೇ ಸಲ ಬೀಸುವ ಹೊತ್ತಿಗೆ ತೋಳು ಬಿದ್ದುಹೋಗುತ್ತದೆ.

3 ಕೆಜಿ ಅಂದರೆ ದೊಡ್ಡ ರಾಶಿ ಅಂದುಕೊಳ್ಳಬೇಡಿ. ಒಂದು ಘನ ಸೆಂಟಿಮೀಟರ್ ಸೀಸವೇ 11.34 ಗ್ರಾಂ ತೂಗುತ್ತದೆ. ಮೂರು ಕೆಜಿ ಕರಗಿದರೆ ಕಾಲು ಲೀಟರಿಗಿಂತ ಚೂರು ಜಾಸ್ತಿ ಅಷ್ಟೇ.

ಯಾವ ಸೀಸ, ಎಲ್ಲಿಂದ?

ಮೆತ್ತಗಿನ ಸೀಸವೇ ಒಳ್ಳೆಯದು: ಹಳೇ ಕೇಬಲ್‌ಗಳ ಹೊದಿಕೆ, ಹಳೇ ಪೈಪು, ತಗಡು. ಉಗುರಿನಿಂದ ಗೀರಿದರೆ ಗೀರು ಬೀಳಬೇಕು. ಚಾಕುವಿನಿಂದ ಕೆತ್ತಿದರೆ ಒಳಗೆ ಬೆಳ್ಳಿಯಂತೆ ಹೊಳೆದು ಸ್ವಲ್ಪ ಹೊತ್ತಿನಲ್ಲೇ ಮಂಕಾಗಬೇಕು. ಕಲ್ಲಿನ ಮೇಲೆ ಬಿಟ್ಟರೆ "ಠಣ್" ಅನ್ನಬಾರದು, "ಧಪ್" ಅನ್ನಬೇಕು.

ಪಂಕ್ಚರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸ್ ತುಂಡುಗಳು ಸಿಗುತ್ತವೆ. ಅವುಗಳಲ್ಲಿ ಆಂಟಿಮನಿ ಎಂಬ ಲೋಹ ಸ್ವಲ್ಪ ಇರುವುದರಿಂದ ಸೀಸ ಗಟ್ಟಿ. ಎರಕಕ್ಕೆ ಆಗುತ್ತದೆ, ತಣ್ಣಗೆ ಒತ್ತುವುದಕ್ಕೆ (ಬೆಂಕಿ ಇಲ್ಲದೆ ಪಟ್ಟಿ ಸುತ್ತಿ ಒತ್ತುವ ಈ ದಾರಿಯನ್ನು ಕೊನೆಗೆ ಹೇಳುತ್ತೇನೆ) ಆಗದು. ಈಗೀಗ ಕಬ್ಬಿಣದ್ದು, ಸತುವಿನದ್ದೂ ಬರುತ್ತಿವೆ, ಆರಿಸಿ ತೆಗೆಯಿರಿ. ಸತು ಕರಗುವುದು 419 ಡಿಗ್ರಿಯಲ್ಲಿ, ಸೀಸ 327ರಲ್ಲೇ. ಅಂದರೆ ಬಿಸಿಯನ್ನು 380 ದಾಟಿಸದಿದ್ದರೆ ತಪ್ಪಿ ಬಿದ್ದ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಸೌಟಿನಿಂದ ತೆಗೆದುಬಿಡಬಹುದು. ಹಳೇ ಮುದ್ರಣಾಲಯದ ಅಚ್ಚುಮೊಳೆ ಸಿಕ್ಕರೆ ಅದನ್ನು ಕರಗಿಸಲು ನನಗಂತೂ ಮನಸ್ಸು ಬರುವುದಿಲ್ಲ. ಅದರಲ್ಲಿ ಆಂಟಿಮನಿ, ತವರ ಎರಡೂ ಜಾಸ್ತಿ. ಗುಂಡು ಚೆನ್ನಾಗಿ ಮೂಡಿದರೂ ಪೆಟ್ಟಿಗೆ ಸೀಳುತ್ತದೆ.

ಬ್ಯಾಟರಿ ಮಾತ್ರ ಬೇಡ. ಗುಜರಿಯಲ್ಲಿ ಅದೇ ಅಗ್ಗ, ಅದೇ ಜಾಸ್ತಿ ಸಿಗುವುದು, ಗೊತ್ತು. ಆದರೆ ಒಳಗೆ ಗಂಧಕಾಮ್ಲ ಇದೆ, ಪ್ಲೇಟಿಗೆ ಮೆತ್ತಿದ್ದೆಲ್ಲ ವಿಷದ ಪುಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈಗಿನ ಬ್ಯಾಟರಿಯ ಸೀಸದಲ್ಲಿ ಕ್ಯಾಲ್ಸಿಯಂ ಇರುತ್ತದೆ, ಹಳೇ ಸೀಸದಲ್ಲಿ ಆರ್ಸೆನಿಕ್, ಆಂಟಿಮನಿ. ಎರಡೂ ಒಂದೇ ಪಾತ್ರೆಗೆ ಬಿದ್ದು, ಆಮೇಲೆ ಆ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್‌ನಂಥ ಪ್ರಾಣ ತೆಗೆಯುವ ಅನಿಲ ಹೊರಡಬಹುದು. ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ.

ಜಾಗ, ಹೊತ್ತು, ಬಟ್ಟೆ

ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಶೆಡ್ಡಿನೊಳಗೂ ಬೇಡ. ಬಯಲಲ್ಲಿ, ಮಕ್ಕಳು, ಕೋಳಿ, ದನ ಓಡಾಡದ ಕಡೆ, ಬಾವಿಯಿಂದ ದೂರ. ನೆಲ ಒಣಗಿರಲಿ. ಸಿಮೆಂಟಿನ ನೆಲದ ಮೇಲೆ ಬಿಸಿ ಸೀಸ ಚೆಲ್ಲಿದರೆ ಅದರೊಳಗಿನ ತೇವ ಆವಿಯಾಗಿ ಚೂರು ಸಿಡಿಯುತ್ತದೆ, ಹಾಗಾಗಿ ಒಣ ಮರಳು ಹರಡಿಕೊಳ್ಳಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮೋಡ ಕಟ್ಟಿದ ದಿನ ಒಲೆ ಹಚ್ಚಲೇಬೇಡಿ. ಚಿತ್ರದುರ್ಗದ ಕಡೆಯವರಿಗೆ ಗಾಳಿಯ ಕಾಟ ಬೇರೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರಲ್ಲಿ ಮಧ್ಯಾಹ್ನ ಒಲೆ ಉರಿ ನಿಲ್ಲುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ ಆ ದಿನದ ಕೆಲಸ ಮುಗಿಸಿ. ಇರುವ ಸ್ವಲ್ಪ ಗಾಳಿ ನಿಮ್ಮ ಬೆನ್ನಿಗಿರಲಿ.

ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಪ್ಯಾಂಟು, ಚರ್ಮದ ಶೂ. ಪ್ಯಾಂಟಿನ ಕಾಲು ಶೂ ಮೇಲೆ ಬರಬೇಕು, ಒಳಗೆ ಸಿಕ್ಕಿಸಬಾರದು. ಲುಂಗಿ, ಚಪ್ಪಲಿ, ನೈಲಾನ್ ಅಂಗಿ ಬೇಡ. ವೆಲ್ಡಿಂಗ್ ಮಾಡುವವರ ಚರ್ಮದ ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ. ಬಟ್ಟೆಯ ಮಾಸ್ಕ್ ಇದಕ್ಕೆ ಕೆಲಸ ಮಾಡದು. ಸಣ್ಣ ಪುಡಿಯನ್ನೂ ತಡೆಯುವ ಪಿ-100 ಫಿಲ್ಟರ್ ಇರುವ ಮಾಸ್ಕ್ ಹಾಕಿ, ಮುಖ್ಯವಾಗಿ ಕಿಟ್ಟ ತೆಗೆಯುವಾಗ.

ಪಾತ್ರೆ ದಪ್ಪ ಕಬ್ಬಿಣದ್ದಿರಲಿ. ಅಲ್ಯೂಮಿನಿಯಂ ಬೋಗುಣಿ ಬಿಸಿಗೆ ಮೆತ್ತಗಾಗಿ ತಳ ಬಿಡುತ್ತದೆ. ಸೌಟೂ ಕಬ್ಬಿಣದ್ದೇ. ಒಮ್ಮೆ ಸೀಸ ಕಂಡ ಪಾತ್ರೆ, ಸೌಟು ಮತ್ತೆ ಒಲೆಮನೆಗೆ ಬರಬಾರದು. ನನ್ನ ಬಾಣಲೆಗೆ ನಾನು ಕೆಂಪು ಬಣ್ಣದಲ್ಲಿ ಅಡ್ಡಗೀಟು ಹೊಡೆದಿದ್ದೇನೆ, ಅಮ್ಮ ಹುಡುಕಿಕೊಂಡು ಬಂದು ಒಗ್ಗರಣೆಗೆ ಇಡದಿರಲಿ ಅಂತ.

ಬಳಪದ ಕಲ್ಲಿನ ಅಚ್ಚು

ಅಲ್ಯೂಮಿನಿಯಂ ಅಚ್ಚು ಕೊಳ್ಳಬಹುದು, ಲೇತ್ ಅಂಗಡಿಯಲ್ಲೂ ಮಾಡಿಸಬಹುದು. ನನಗೆ ಇಷ್ಟ ಬಳಪದ ಕಲ್ಲು. ಹೊಯ್ಸಳರ ಶಿಲ್ಪಿಗಳು ಅಷ್ಟು ಸಣ್ಣ ಕುಸುರಿ ಮಾಡಲು ಆಗಿದ್ದು ಇದೇ ಜಾತಿಯ ಮೆತ್ತನೆ ಕಲ್ಲಿನಿಂದ. ಚಾಕುವಿಗೆ ಬಗ್ಗುತ್ತದೆ, ಬಿಸಿಗೆ ಬಿರಿಯುವುದಿಲ್ಲ, ಸೀಸ ಅಂಟುವುದಿಲ್ಲ. ಕೆತ್ತುವಾಗ ಕಲ್ಲನ್ನು ಒದ್ದೆ ಮಾಡಿಕೊಳ್ಳಿ, ಪುಡಿ ಮೂಗಿಗೆ ಹೋಗಬಾರದು.

ಅಂಗೈ ಅಗಲದ, ಒಂದು ಇಂಚು ದಪ್ಪದ ಎರಡು ತುಂಡು ತೆಗೆದುಕೊಳ್ಳಿ. ನಡುವೆ ನೀರು, ಸಣ್ಣ ಮರಳು ಹಾಕಿ ಒಂದರ ಮೇಲೊಂದು ಉಜ್ಜಿ. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಇದಕ್ಕೆ ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಅವಸರ ಮಾಡಿದರೆ ಪ್ರತಿ ಗುಂಡಿಗೂ ರೆಕ್ಕೆ ಮೂಡುತ್ತದೆ, 200 ರೆಕ್ಕೆ ಕತ್ತರಿಸುತ್ತಾ ಕೂರಬೇಕಾಗುತ್ತದೆ. ಮೂಲೆಗಳಲ್ಲಿ ಎರಡು ತೂತು ಕೊರೆದು ಮೊಳೆ ಕೂರಿಸಿ, ತುಂಡುಗಳು ಜರುಗದಿರಲಿ.

ಒಂದು ತುಂಡಿನಲ್ಲಿ ಐದು ಗುಳಿ ತೋಡಿ. ಒಂದೊಂದೂ ಉದ್ದದಲ್ಲಿ ಸೀಳಿದ ನೆಲ್ಲಿಬೀಜದ ಹಾಗೆ ಇರಲಿ: 15 ಮಿ.ಮೀ. ಉದ್ದ, 12 ಅಗಲ, 6 ಆಳ. ಎದುರು ತುಂಡಿನಲ್ಲಿ ಸರಿಯಾಗಿ ಅದೇ ಜಾಗ ಹಿಡಿಯುವುದೇ ಕಷ್ಟ. ಒಂದು ಉಪಾಯ ಇದೆ. ಮೊದಲ ತುಂಡಿನ ಗುಳಿಯ ಅಂಚಿಗೆ ದೀಪದ ಮಸಿ ಹಚ್ಚಿ, ಮೊಳೆ ಸೇರಿಸಿ ಎರಡೂ ತುಂಡು ಒತ್ತಿ ತೆಗೆಯಿರಿ. ಎದುರು ಕಲ್ಲಿನ ಮೇಲೆ ಕಪ್ಪು ಉಂಗುರ ಮೂಡಿರುತ್ತದೆ. ಅದರೊಳಗೆ ತೋಡಿದರಾಯಿತು.

ಗುಂಡಿನ ನಡುವಿನ ತೂತಿಗೆ 3.15 ಮಿ.ಮೀ.ನ ವೆಲ್ಡಿಂಗ್ ರಾಡು ಸಾಕು. ಮೇಲಿನ ಪದರ ಕೆರೆದು, ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟೇ ಸಣ್ಣಗಾಗುವಂತೆ ಅರದಿಂದ ತೀಡಿ. ಅದು ಐದೂ ಗುಳಿಯ ಮೂಲಕ ಹಾದುಹೋಗುವಂತೆ ಎರಡೂ ಕಲ್ಲಿನಲ್ಲಿ ಅರ್ಧರ್ಧ ಕಾಲುವೆ ಕೊರೆಯಿರಿ. ಪ್ರತಿ ಗುಳಿಗೂ ಮೇಲಿನಿಂದ ಆಲಿಕೆಯಂತೆ ಸೀಸ ಇಳಿಯುವ ದಾರಿ ಬೇಕು. ತಳದಿಂದ ಗಾಳಿ ಹೋಗಲು ಸೂಜಿಗೀರು ಸಾಕು. ಈ ಅಳತೆಯ ಗುಂಡು ತೂತು ಕಳೆದು 11ರಿಂದ 12 ಗ್ರಾಂ ಬರುತ್ತದೆ.

ಕೆತ್ತಿದ್ದು ಒದ್ದೆ ಕಲ್ಲು, ಮರೆಯಬೇಡಿ. ನಾಲ್ಕೈದು ದಿನ ಬಿಸಿಲಲ್ಲಿ ಒಣಗಿಸಿ. ಕೆಲಸದ ದಿನ ಒಲೆಯ ಪಕ್ಕದಲ್ಲಿಟ್ಟು ನಿಧಾನವಾಗಿ, ಮುಕ್ಕಾಲು ಗಂಟೆಯಾದರೂ, ಕಾಯಿಸಿ.

ಕರಗಿಸುವುದು, ಹೊಯ್ಯುವುದು

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಎರಡನೇ ಸಲ ಕೂತಾಗ ಸೀಸ ಚೆನ್ನಾಗಿ ಕರಗಿತ್ತು. ಸಾಲದೇನೋ ಅನಿಸಿ ಪಕ್ಕದಲ್ಲಿದ್ದ ಪೈಪಿನ ತುಂಡೊಂದನ್ನು ಎಸೆದೆ. ರಾತ್ರಿ ಇಬ್ಬನಿ ಬಿದ್ದಿತ್ತು, ಪೈಪು ಮಡಚಿದ ಕಡೆ ತೇವ ಉಳಿದಿತ್ತು ಅಂತ ಕಾಣುತ್ತದೆ. ಪಟಾಕಿಯ ಸದ್ದಾಯಿತು. ಬಾಣಲೆಯಲ್ಲಿದ್ದ ಸೀಸದಲ್ಲಿ ಒಂದು ಹಿಡಿಯಷ್ಟು ಮೇಲಕ್ಕೆ ಹಾರಿ, ಬೇಲಿ ಮೇಲೆ, ನನ್ನ ತೋಳಿನ ಮೇಲೆ, ಕನ್ನಡಕದ ಮೇಲೆ ಬಿತ್ತು. ಕನ್ನಡಕದ ಗಾಜಿಗೆ ಅಂಟಿದ ಹನಿ ಈಗಲೂ ಹಾಗೇ ಇದೆ, ತೆಗೆದಿಲ್ಲ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸೀಸದ ಅಡಿಯಲ್ಲಿ ಸಿಕ್ಕಿಕೊಂಡ ಒಂದು ಹನಿಗೆ ಹೊರಗೆ ಬರಲು ಬೇರೆ ದಾರಿಯೇ ಇರುವುದಿಲ್ಲ.

ಅಲ್ಲಿಂದ ನನ್ನ ನಿಯಮ ಇದು: ಇರುವ ಸೀಸವನ್ನೆಲ್ಲ ತಣ್ಣನೆ ಪಾತ್ರೆಗೆ ಮೊದಲೇ ಹಾಕಿ, ಆಮೇಲೆ ಒಲೆ ಹಚ್ಚುವುದು. ನಡುವೆ ಸೇರಿಸಲೇಬೇಕಾದರೆ ಆ ತುಂಡನ್ನು ಒಲೆಯ ಅಂಚಿನಲ್ಲಿ ಮುಟ್ಟಲಾರದಷ್ಟು ಕಾಯಿಸಿ, ಸೌಟಿನಲ್ಲಿ ಮೆಲ್ಲಗೆ ಇಳಿಸುವುದು. ಸೌಟನ್ನೂ ಕಾಯಿಸಿಯೇ ಮುಳುಗಿಸುವುದು. ಕುಡಿಯುವ ನೀರಿನ ಬಾಟಲಿ ಇಪ್ಪತ್ತು ಹೆಜ್ಜೆ ದೂರ. ಹಣೆ ಬೆವರು ಪಾತ್ರೆಗೆ ಬೀಳದಂತೆ ತಲೆಗೊಂದು ಟವೆಲ್.

ಉರಿ ಮಧ್ಯಮ ಇರಲಿ. ಸೀಸ ಕುಸಿದು, ತಳದಿಂದ ಹೊಳೆಯುತ್ತಾ ಕೊಳದಂತೆ ನಿಲ್ಲುತ್ತದೆ. ಮೇಲೆ ಬೂದು ಕೆನೆ ಕಟ್ಟುತ್ತದೆ. ಆಗ ಮೇಣದ ಬತ್ತಿಯ ಒಂದು ಚೂರು ಹಾಕಿ. ಹೊಗೆ ಬಂದು ಭಗ್ ಅಂತ ಹತ್ತಿಕೊಳ್ಳುತ್ತದೆ, ಮುಖ ದೂರ ಇರಲಿ. ಸೌಟಿನಿಂದ ತಳ ಕೆರೆದು ಕಲಕಿ. ಕೆನೆಯಲ್ಲಿ ಸಿಕ್ಕಿದ್ದ ಒಳ್ಳೇ ಸೀಸ ಕೆಳಗಿಳಿದು, ಮಣ್ಣು ಮಸಿ ಪುಡಿಯಾಗಿ ಮೇಲೆ ಉಳಿಯುತ್ತದೆ. ಇದೇ ಕಿಟ್ಟ. ಮೆಲ್ಲಗೆ ಎತ್ತಿ ಮುಚ್ಚಳ ಇರುವ ಡಬ್ಬಿಗೆ ಹಾಕಿ. ಊದಬೇಡಿ, ಸೌಟು ಕುಟ್ಟಬೇಡಿ. ಸೀಸದ ವಿಷ ಹೊಗೆಗಿಂತ ಜಾಸ್ತಿ ಈ ಪುಡಿಯಲ್ಲಿದೆ.

ಹದ ನೋಡಲು ಥರ್ಮೋಕಪಲ್ (ಬಿಸಿ ಅಳೆಯುವ ಸಾಧನ) ಇದ್ದರೆ 350ರಿಂದ 380 ಡಿಗ್ರಿ. ಇಲ್ಲದಿದ್ದರೆ ಒಣ ಕಾಗದದ ಸುರುಳಿ ಅದ್ದಿ ತೆಗೆಯಿರಿ. ಕಂದು ಬಣ್ಣಕ್ಕೆ ತಿರುಗಿದರೆ ಹದ. ಅದ್ದಿದ ಕೂಡಲೇ ಕರಿಕಾಗಿ ಹೊತ್ತಿಕೊಂಡರೆ ಉರಿ ಇಳಿಸಿ. ಸೀಸದ ಮೇಲೆ ನೀಲಿ, ಚಿನ್ನದ ಬಣ್ಣದ ತೆಳು ಪೊರೆ ಓಡಾಡುತ್ತಿದ್ದರೆ ಅದು ಬಿಸಿ ಜಾಸ್ತಿಯಾದ ಗುರುತು. ನೋಡಲು ಚಂದ, ಆದರೆ ಬೇಡ. 480 ದಾಟಿದರೆ ಆವಿಯೂ ಲೆಕ್ಕಕ್ಕೆ ಬರುವಷ್ಟು ಏಳುತ್ತದೆ.

ಅಚ್ಚಿನ ಗುಳಿಗೆ, ರಾಡಿಗೆ ಸೀಮೆಎಣ್ಣೆ ದೀಪದ ಮಸಿ ಹಿಡಿಸಿ. ರಾಡು ಕೂರಿಸಿ, ಕಲ್ಲು ಜೋಡಿಸಿ, ಕ್ಲಾಂಪು ಬಿಗಿಯಿರಿ. ಸೌಟು ತುಂಬಾ ಸೀಸ ತೆಗೆದು ಒಂದೇ ಧಾರೆಯಲ್ಲಿ, ನಿಲ್ಲಿಸದೆ ಹೊಯ್ಯಿರಿ. ಆಲಿಕೆ ತುಂಬಿ ಮೇಲೆ ಗುಮ್ಮಟದಂತೆ ಉಬ್ಬಲಿ. ಸೀಸ ಹೆಪ್ಪುಗಟ್ಟುವಾಗ ಕುಗ್ಗುತ್ತದೆ, ಆ ಉಬ್ಬಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಗುಂಡಿನ ತಲೆಯಲ್ಲಿ ಗುಳಿ ಬೀಳುತ್ತದೆ. ಉಬ್ಬಿನ ಹೊಳಪು ಮಂಕಾದ ಮೇಲೆ ಹತ್ತು ಎಣಿಸಿ. ಇನ್ನೂ ಬಿಸಿ ಇರುವಾಗಲೇ ಇಕ್ಕಳದಿಂದ ರಾಡನ್ನು ತಿರುಚಿ ಎಳೆಯಿರಿ, ತಣ್ಣಗಾದರೆ ಕಚ್ಚಿಕೊಳ್ಳುತ್ತದೆ. ಅಚ್ಚು ಬಿಚ್ಚಿ ಒಣ ಬಟ್ಟೆಯ ಮೇಲೆ ಬೀಳಿಸಿ. ನೀರಿಗಲ್ಲ.

ಮೊದಲ ಎರಡು ಮೂರು ಸುತ್ತು ಮುದುಕರ ಮುಖದ ಹಾಗೆ ಸುಕ್ಕು ಸುಕ್ಕಾಗಿ ಬರುತ್ತವೆ. ಬೇಜಾರಾಗಬೇಡಿ, ಅಚ್ಚು ಇನ್ನೂ ಕಾಯಬೇಕು ಅಷ್ಟೇ. ಸುಕ್ಕಿನವು ವಾಪಸ್ ಪಾತ್ರೆಗೆ. ಮೇಲ್ಮೈ ಮಂಜು ಹಿಡಿದ ಹಾಗೆ ಬೆಳ್ಳಗಿದ್ದರೆ ಬಿಸಿ ಜಾಸ್ತಿಯಾಗಿದೆ, ಐದು ನಿಮಿಷ ಬಿಡಿ. ಆಮೇಲೆ ಒಂದು ಲಯ ಸಿಗುತ್ತದೆ. ನಾನು ಗಂಟೆಗೆ 60, 70 ಗುಂಡು ತೆಗೆಯುತ್ತೇನೆ.

ಉಳಿದ ಸೀಸವನ್ನು ಪಾತ್ರೆಯಲ್ಲೇ ಬಿಡಬೇಡಿ. ಮುಂದಿನ ಸಲ ತಳ ಮೊದಲು ಕರಗಿ, ಮೇಲಿನ ಹೆಪ್ಪು ಮುಚ್ಚಳದಂತೆ ಕೂತು, ಸೀಳಿಕೊಂಡು ಚಿಮ್ಮಬಹುದು. ಒಣ, ಕಾದ ಆಂಗಲ್ ಕಬ್ಬಿಣದಲ್ಲಿ ಹೊಯ್ದು ಗಟ್ಟಿ ಮಾಡಿಡಿ.

ಮೈಮೇಲೆ ಬಿದ್ದರೆ ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಅಂಟಿದ ಸೀಸವನ್ನು ಕೀಳಬೇಡಿ, ಆಸ್ಪತ್ರೆಗೆ ಹೋಗಿ.

ಬೆಂಕಿ ಇಲ್ಲದೆ: ಪಟ್ಟಿ ಸುತ್ತಿ ಒತ್ತುವುದು

ಹರಿದ ಬಲೆಗೆ ಹತ್ತಿಪ್ಪತ್ತು ಗುಂಡು ಮಾತ್ರ ಬೇಕಾದರೆ ಒಲೆ ಹಚ್ಚುವ ಗೋಜೇ ಬೇಡ. ಪೋಣಿಸುವ ಗುಂಡು ಹಾಕಲು ಅಂಚಿನ ಹಗ್ಗವನ್ನೇ ಬಿಚ್ಚಬೇಕು. ಇದನ್ನು ಹಗ್ಗದ ಮೇಲೆ ನೇರವಾಗಿ ಕೂರಿಸಬಹುದು.

3 ಮಿ.ಮೀ. ದಪ್ಪದ ಮೆತ್ತನೆ ಸೀಸದ ತಗಡಿನಿಂದ 20 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಅದನ್ನು 18 ಮಿ.ಮೀ. ತುಂಡು ಮಾಡಿದರೆ ಒಂದೊಂದು ಸುಮಾರು 12 ಗ್ರಾಂ. 20ರ ಬದಿ 3 ಮಿ.ಮೀ. ಹಗ್ಗದ ಸುತ್ತ ಒಂದು ಸುತ್ತು ಬರುತ್ತದೆ. ಮೊದಲು ದುಂಡು ಮೊಳೆಯ ಮೇಲೆ ಬಗ್ಗಿಸಿ ದೋಣಿಯಂತೆ ಮಾಡಿಕೊಳ್ಳಿ, ಆಮೇಲೆ ಹಗ್ಗ ಕೂರಿಸಿ ಇಕ್ಕಳದಿಂದ ಮುಚ್ಚಿ.

ಇಷ್ಟಕ್ಕೇ ಬಿಟ್ಟರೆ ಬಾಯಿ ತೆರೆದುಕೊಂಡು ಬಲೆಯ ಕಣ್ಣುಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಒತ್ತಚ್ಚು. ಲೇತ್ ಅಂಗಡಿಗೆ ಹೋಗಿ ಎರಡು ಕಬ್ಬಿಣದ ತುಂಡುಗಳನ್ನು ಒಟ್ಟಿಗೆ ಬಿಗಿದು, ಅವುಗಳ ಸಂದಿನ ಮೇಲೇ 9 ಮಿ.ಮೀ. ತೂತು ಕೊರೆಸಿ. ಬಿಚ್ಚಿದರೆ ಎರಡರಲ್ಲೂ ಅರ್ಧರ್ಧ ಕೊಳವೆ. ಅದರ ನಡುವೆ ಗುಂಡನ್ನಿಟ್ಟು ಬೆಂಚ್ ವೈಸಿನಲ್ಲಿ (ಮೇಜಿಗೆ ಕೂರಿಸಿದ ತಿರುಪಿನ ಹಿಡಿಕೆ) ಬಿಗಿಯಿರಿ. ಸೀಸ ಬೆಣ್ಣೆಯಂತೆ ಹರಿದು ಸಂದು ಮುಚ್ಚುತ್ತದೆ. ಅಂಚುಗಳನ್ನು ಆಗಷ್ಟೇ ಚಾಕುವಿನಿಂದ ಕೆತ್ತಿ ಹೊಳಪು ಬರಿಸಿದ್ದರೆ ಒತ್ತಡಕ್ಕೆ ಒಂದಕ್ಕೊಂದು ಬೆಸೆದೇ ಹೋಗುತ್ತವೆ, ಗೆರೆ ಕೂಡ ಕಾಣುವುದಿಲ್ಲ. ತಾಮ್ರ, ಕಬ್ಬಿಣ ಬಡಿದಷ್ಟೂ ಬಿರುಸಾಗುತ್ತವೆ. ಶುದ್ಧ ಸೀಸ ಹಾಗಲ್ಲ. ಮನೆಯ ಸಾಮಾನ್ಯ ಬಿಸಿಯಲ್ಲೇ ಅದರ ಒಳಗಿನ ಹರಳುಗಳು ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತವೆ. ತಪ್ಪಾದರೆ ಬಿಚ್ಚಿ, ಮತ್ತೆ ಒತ್ತಿ.

ಒಂದೇ ಎಚ್ಚರಿಕೆ. ಕೊಳವೆಯ ಎರಡೂ ಬಾಯಿಯ ಅಂಚನ್ನು ಅರದಿಂದ ತೀಡಿ ದುಂಡಗೆ ಮಾಡಿಸಿ. ನಾನು ಮಾಡಿಸಿರಲಿಲ್ಲ. ಒತ್ತಿದ ಪ್ರತಿ ಗುಂಡಿನ ಬಳಿಯೂ ನೈಲಾನ್ ಎಳೆ ಅರ್ಧ ಕತ್ತರಿಸಿತ್ತು. ಹದಿನಾಲ್ಕು ಗುಂಡು ಸೂಳೆಕೆರೆಯ ಕೆಸರಿನಲ್ಲಿವೆ. ಹಣ ಹೋಗಿದ್ದಕ್ಕಿಂತ ಸೀಸ ನೀರಲ್ಲಿ ಉಳಿದಿದ್ದೇ ಬೇಸರ. ಸಣ್ಣ ಸೀಸದ ಚೂರು ನುಂಗಿ ನೀರುಹಕ್ಕಿಗಳು ಸಾಯುತ್ತವೆ, ಬ್ರಿಟನ್ನಿನಲ್ಲಿ ಹಂಸಗಳು ಹಾಗೆ ಸತ್ತವೆಂದೇ 1987ರಲ್ಲಿ ಗಾಳದ ಸಣ್ಣ ಸೀಸದ ಮಾರಾಟ ನಿಲ್ಲಿಸಿದರು. ಗಾಳಕ್ಕೆ ಮಾತ್ರ ಭಾರ ಬೇಕಾದವರು ಕಬ್ಬಿಣದ ನಟ್ಟು ಕಟ್ಟಿಕೊಳ್ಳಿ, ಸಾಕು.

ಒತ್ತಿದಾಗ ಹೊರಬಂದ ರೆಕ್ಕೆಯನ್ನು ಚಾಕುವಿನಿಂದ ಸುರುಳಿಯಾಗಿ ತೆಗೆಯಿರಿ. ಸೀಸಕ್ಕೆ ಅರ, ಮರಳುಕಾಗದ ಹಾಕಬೇಡಿ. ಅದರಿಂದ ಪುಡಿ ಏಳುತ್ತದೆ.

ಕೆಲಸ ಮುಗಿದ ಮೇಲೆ

ಕೆಲಸದ ನಡುವೆ ಬೀಡಿ, ಎಲೆಅಡಿಕೆ, ಚಹಾ ಯಾವುದೂ ಬೇಡ. ಸಂಜೆ ಗೆಳೆಯ ಮಂಡಕ್ಕಿ ಮೆಣಸಿನಕಾಯಿ ಹಿಡಿದುಕೊಂಡು ಬಂದರೂ ಬೇಡ, ಅದು ಕೈಯಲ್ಲೇ ತಿನ್ನುವ ತಿಂಡಿ ಅಲ್ವಾ? ಸೀಸ ಚರ್ಮದ ಮೂಲಕ ಒಳಗೆ ಹೋಗುವುದು ಬಹಳ ಕಡಿಮೆ. ಬಾಯಿಂದ, ಮೂಗಿಂದ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರುತ್ತದೆ. ಮನೆಯಲ್ಲಿ ಸಣ್ಣ ಮಗುವೋ ಬಸುರಿಯೋ ಇದ್ದರೆ ಈ ವರ್ಷ ಬಿಡಿ, ಗುಂಡು ಕೊಂಡುಕೊಳ್ಳಿ.

ಶೂ ಹೊರಗೇ ಬಿಟ್ಟು, ಸೋಪಿನಿಂದ ಕೈ, ಮುಖ, ಉಗುರಿನ ಸಂದು ತೊಳೆದು ಸ್ನಾನ ಮಾಡಿ. ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಕಿಟ್ಟದ ಡಬ್ಬಿಯನ್ನು ಹೊಲಕ್ಕೋ ಚರಂಡಿಗೋ ಸುರಿಯದೆ, ಒಣಗಿದ ಹಾಗೇ ಮುಚ್ಚಿಟ್ಟು, ಸೀಸ ಮರುಬಳಕೆಗೆ ಪರವಾನಗಿ ಇರುವವರಿಗೆ ಕೊಡಿ. ಪದೇ ಪದೇ ಮಾಡುವವರು ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಎಲ್ಲಿಂದ ಬಂತು ಅಂತ ಹುಡುಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರೊಳಗಿದ್ದರೆ ಏನೂ ಆಗದು ಅಂತಲ್ಲ, ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ.

ಗುಂಡು ಪೋಣಿಸಿದ ಬಲೆಯನ್ನು ಕೆರೆಗೆ ಒಯ್ಯುವ ಮೊದಲು ಕಣದಲ್ಲೋ ಬಯಲಲ್ಲೋ ಒಮ್ಮೆ ಬೀಸಿ ನೋಡಿ. ನೆಲದ ಮೇಲೆ ಅಂಚು ಎಲ್ಲಿ ಒಳಕ್ಕೆ ಬಾಗಿದೆಯೋ ಅಲ್ಲಿ ಭಾರ ಕಮ್ಮಿ ಇದೆ. ಸುಣ್ಣದ ಗುರುತು ಹಾಕಿ, ಆ ಜಾಗಕ್ಕೆ ಒಂದು ಪಟ್ಟಿ ಒತ್ತಿ. ಬೀಸುವಾಗ ನಮ್ಮ ಹಿರಿಯರು ಅಂಚಿನ ಒಂದು ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು, ಬಲೆ ಅಗಲಕ್ಕೆ ಬಿಚ್ಚಿಕೊಳ್ಳಲಿ ಅಂತ. ನೀವು ಆ ಜಾಗದಲ್ಲಿ ಗೇಣುದ್ದದ ಬಟ್ಟೆಯ ಕುಣಿಕೆ ಕಟ್ಟಿ, ಅದನ್ನು ಮೊಣಕೈಗೆ ಸಿಕ್ಕಿಸಿಕೊಳ್ಳಿ. ಮೊದಲ ವಾರ ಬಲೆ ಬಾಳೆಕಾಯಿಯಂತೆ ಸೊಟ್ಟ ಬೀಳುತ್ತದೆ, ಆಮೇಲೆ ಸರಿಹೋಗುತ್ತದೆ.